ತಾರೀಖು ತಪ್ಪದ ಫಲಕಕ್ಕೆ

ದೋಣಿಕಟ್ಟೆಯ ಟಿಕೆಟ್ ಕೌಂಟರಿನ ಎಡಕ್ಕೆ, ಮೈತುಂಬ ನೀಲಿ ಬಣ್ಣ ಬಳಿದುಕೊಂಡು, ಬಿಸಿಲಿಗೂ ಉಪ್ಪುಗಾಳಿಗೂ ಅಂಜದೆ ನಿಂತಿರುವ ಸುರಕ್ಷತಾ ಸೂಚನಾ ಫಲಕ ಮಹಾಶಯರಿಗೆ, ಮುಳಬಾಗಿಲು ತಾಲ್ಲೂಕು ದೇವರಾಯಸಮುದ್ರದ ವೆಂಕಟಲಕ್ಷ್ಮಿ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾನು ಏಳನೇ ತರಗತಿಯವರೆಗೆ ಓದಿದವಳು. ದಿನಾ ನೋಟುಬುಕ್ಕಿನಲ್ಲಿ ನಾಲ್ಕು ಸಾಲು ಬರೆದುಕೊಳ್ಳುವುದು ಬಿಟ್ಟರೆ ತಮ್ಮಂಥ ದೊಡ್ಡವರಿಗೆ ಪತ್ರ ಬರೆದು ರೂಢಿಯಿಲ್ಲ. ಊರಿನ ಹೆಸರಿನಲ್ಲಿ ಸಮುದ್ರವಿದ್ದರೂ ನಮ್ಮಲ್ಲಿರುವುದು ಒಂದು ಹಳೆಯ ಕೆರೆ. ನಮ್ಮ ಯಜಮಾನರು ಕೋದಂಡರಾಮಪ್ಪನವರು ಆ ಕೆರೆಗೆ ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದರು. ಅಂದರೆ ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ನೀರು ಬಿಡುವವರು. ಬೆಳಿಗ್ಗೆ ಏರಿಯ ಮೇಲೆ ಹೋಗಿ ನೀರು ಎಷ್ಟಿದೆ ಎಂದು ನೋಡಿ, ತೂಬಿನ ಕಲ್ಲಿನ ಮೇಲೆ ತಾರೀಖು ಹಾಕಿ ಬರೆಯುತ್ತಿದ್ದರು. ಜ್ವರ ಬಂದು ಹೋಗಲಾಗದ ದಿನ ಯಾರನ್ನಾದರೂ ಕಳಿಸಿ ಕಲ್ಲನ್ನು ಒರೆಸಿಸುತ್ತಿದ್ದರು. ನೀರು ನೋಡದ ದಿನ ತಾರೀಖು ಹಾಕುವುದು ಅವರ ಲೆಕ್ಕದಲ್ಲಿ ಸುಳ್ಳುಸಾಕ್ಷಿ ಹೇಳಿದ ಹಾಗೆ.

ಕಳೆದ ಮೇ ತಿಂಗಳ ಒಂದು ಭಾನುವಾರ, ಧರ್ಮಸ್ಥಳ ಮುಗಿಸಿ ಸಮುದ್ರವನ್ನೂ ನೋಡೋಣವೆಂದು ಟೆಂಪೊದಲ್ಲಿ ಬಂದ ನಮಗೆ ತಮ್ಮ ದರ್ಶನವಾಯಿತು. ಇಳಿತ ಮುಗಿಯುವುದು ಹನ್ನೆರಡು ಹತ್ತಕ್ಕೆ, ಗಾಳಿ ಸಾಧಾರಣ, ಸಮುದ್ರ ಶಾಂತ ಎಂದು ತಮ್ಮ ಮೈಮೇಲೆ ಗುಂಡಗೆ ಬರೆದಿತ್ತು. ಎಲ್ಲಕ್ಕೂ ಮೇಲೆ ಅವತ್ತಿನ ತಾರೀಖು. ಉಳಿದವರು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನಮ್ಮವರು ಕನ್ನಡಕ ಹಾಕಿಕೊಂಡು ತಮ್ಮನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಗಾಳಿ ಜೋರಿದೆಯಲ್ಲ, ಬೇಡ ಅನ್ನಿಸುತ್ತದೆ ಎಂದು ನಾನಂದದ್ದಕ್ಕೆ, "ಇವತ್ತಿನ ತಾರೀಖು ಹಾಕವ್ರೆ ನೋಡೇ. ಬೆಳಿಗ್ಗೆ ಎದ್ದು ನೀರು ನೋಡಿ ಬರ್ದವ್ರೆ. ನಿಂಗೇನ್ ಗೊತ್ತು, ಕೆಲಸ ಅಂದ್ರೆ ಹಿಂಗಿರ್ಬೇಕು ಕಣೇ" ಎಂದು ನನ್ನನ್ನೇ ಗದರಿ, ಚಪ್ಪಲಿ, ಚೀಲ ಕಾಯಲು ದಡದಲ್ಲಿ ಕೂರಿಸಿ, ಹನ್ನೊಂದೂವರೆಗೆ ದೋಣಿ ಹತ್ತಿದರು. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಹೊರಗೆ ನುಗ್ಗುವ ನೀರಿಗೂ ಒಳಗೆ ಬರುವ ಅಲೆಗೂ ಜಗಳ ಹತ್ತಿ ದೋಣಿ ಮಗುಚಿತು. ಲೈಫ್ ಜಾಕೆಟ್ಟುಗಳಿಗೆ ಮಾತ್ರ ಏನೂ ಆಗಲಿಲ್ಲ. ಒದ್ದೆಯಾಗದಂತೆ ಪ್ಲಾಸ್ಟಿಕ್ ಹೊದಿಸಿ ಸೀಟಿನ ಕೆಳಗೆ ಭದ್ರವಾಗಿ ಕಟ್ಟಿದ್ದರು.

ತಮ್ಮ ಪಕ್ಕದಲ್ಲೇ ಟೀ ಮಾರುವ ಹೆಂಗಸು ಅಂದು ನನ್ನ ತಲೆಗೆ ನೀರು ತಟ್ಟುತ್ತಾ, "ತಾರೀಖು ಮಾತ್ರ ದಿನಾ ಬದ್ಲಾಯಿಸುದು ಅಮ್ಮ, ಬಾಕಿದ್ದೆಲ್ಲ ಗುರುವಾರದ್ದೇ" ಎಂದು ಹೇಳಿದಾಗಲೇ ತಮ್ಮ ಶ್ರದ್ಧೆಯ ಆಳ ನನಗೆ ತಿಳಿದದ್ದು. ಎಂಥ ಶಿಸ್ತು! ಚಂದ್ರ ದಿನಕ್ಕಿಷ್ಟು ತಡವಾಗಿ ಹುಟ್ಟಿ ಉಬ್ಬರ ಇಳಿತದ ವೇಳೆಯನ್ನು ಮುಂದೆ ತಳ್ಳುವಂಥ ಬೇಜವಾಬ್ದಾರಿ ಮಾಡುತ್ತಿದ್ದರೂ ತಾವು ಮಾತ್ರ ಗುರುವಾರ ಕೊಟ್ಟ ಮಾತನ್ನು ಭಾನುವಾರದವರೆಗೂ ಉಳಿಸಿಕೊಂಡಿರಿ. ಅವತ್ತು ಮೀನುಗಾರರು ಒಬ್ಬರೂ ದೋಣಿ ಇಳಿಸಿರಲಿಲ್ಲವಂತೆ. ಅವರು ತಮ್ಮನ್ನು ಓದುವವರಲ್ಲ, ಆಕಾಶ ನೋಡುವವರು. ಅಂಥ ಅವಿಧೇಯರೇ ನೀರಿಗೆ ಧುಮುಕಿ ಹನ್ನೊಂದು ಜನರನ್ನು ಎಳೆದು ತಂದರು. ಹನ್ನೆರಡು ಜನರಲ್ಲಿ ತಮ್ಮನ್ನು ಪೂರ್ತಿ ಓದಿದವರು ನಮ್ಮವರೊಬ್ಬರೇ. ವಾಪಸ್ ಬರದವರೂ ಅವರೊಬ್ಬರೇ.

ಈಗ ಪತ್ರದ ವಿಷಯಕ್ಕೆ ಬರುತ್ತೇನೆ. ಹದಿಮೂರನೇ ದಿನದ ಕಾರ್ಯ ಮುಗಿದ ಮಾರನೇ ದಿನವೇ ದೋಣಿ ಕಂಪನಿಯ ಮ್ಯಾನೇಜರ್ ಉಮಾಶಂಕರ್ ಎಂಬುವರು ಸೇಬಿನ ಬುಟ್ಟಿಯೊಂದಿಗೆ ನಮ್ಮ ಮನೆಗೆ ದಯಮಾಡಿಸಿ, ಒಂದು ಕಾಗದ ಮುಂದಿಟ್ಟರು. ಫಲಕದಲ್ಲಿದ್ದ ಸೂಚನೆಗಳನ್ನು ಓದಿ, ತಿಳಿದು, ಸ್ವಂತ ಜವಾಬ್ದಾರಿಯ ಮೇಲೆ ಪ್ರಯಾಣಿಕರು ದೋಣಿ ಹತ್ತಿದರು ಎಂದು ಅದರಲ್ಲಿತ್ತು. "ಒಂದು ರುಜು ಅಷ್ಟೇ ಅಮ್ಮ, ಬರೇ ಫಾರ್ಮಾಲಿಟಿ" ಎಂದರು. ಆ ರುಜು ಬಿದ್ದರೆ ತಪ್ಪು ನಮ್ಮವರದಾಗುತ್ತದೆ, ಮುಂದಿನ ವಾರದಿಂದ ದೋಣಿ ಮತ್ತೆ ಹೊರಡುತ್ತದೆ. ಕಾಗದದಲ್ಲಿ ಸುಳ್ಳೆಂಬುದು ಹುಡುಕಿದರೂ ಸಿಗದು, ಅದೇ ನನ್ನ ಕಷ್ಟ. ಓದಿದರು, ನಿಜ. ತಿಳಿದುಕೊಂಡರು, ಅದೂ ನಿಜ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ತಾವು ಆ ಸಿಮೆಂಟ್ ಕಂಬದಿಂದ ಇಳಿದು, ಪೊಲೀಸ್ ಠಾಣೆಗೆ ನಡೆದುಕೊಂಡು ಹೋಗಿ, ಅವತ್ತು ನೀರನ್ನು ಕಣ್ಣಾರೆ ನೋಡಿ ಬರೆದವರ ಹೆಸರು ಹೇಳಬೇಕು. ಯಾರೂ ನೋಡಿಲ್ಲವೆಂದಾದರೆ, ಯಾರೂ ನೋಡಿಲ್ಲ ಎಂದಷ್ಟೇ ಹೇಳಿದರೂ ಸಾಕು. ಕಾಲು ನೋಯುವುದಾದರೆ ಸಮುದ್ರಕ್ಕಾದರೂ ಹೇಳಿ, ಆ ಭಾನುವಾರವನ್ನು ತಮ್ಮ ಗುರುವಾರಕ್ಕೆ ಸರಿಹೊಂದಿಸಿಕೊಂಡು ನಮ್ಮವರನ್ನು ಹನ್ನೆರಡು ಹತ್ತಕ್ಕೆ ದಡಕ್ಕೆ ತಂದುಬಿಡುವಂತೆ ಮಾಡಬೇಕು. ಚಪ್ಪಲಿ, ಚೀಲ ನನ್ನ ಹತ್ತಿರವೇ ಇವೆ.

ತಮ್ಮ ಬರಹದ ಮೇಲೆ ಪೂರ್ತಿ ನಂಬಿಕೆಯಿಟ್ಟ ಮನೆಯಲ್ಲಿ ಈಗ ಉಳಿದಿರುವ ಒಬ್ಬಳೇ ವಿಶ್ವಾಸಿ,

ವೆಂಕಟಲಕ್ಷ್ಮಿ

ಮರೆತ ಮಾತು: ಉಮಾಶಂಕರ್ ಅವರ ಕಾಗದವನ್ನು ಇಂದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ, ಒಂದು ಪ್ರತಿಯನ್ನು ಠಾಣೆಗೂ. ಅಚ್ಚಾದ ಸಾಲುಗಳಿಗೆಲ್ಲ ಅಡ್ಡಗೆರೆ ಎಳೆದು, ಕೆಳಗೆ ಖಾಲಿ ಇದ್ದ ಜಾಗದಲ್ಲಿ ಆ ಭಾನುವಾರದ ತಾರೀಖು ಹಾಕಿ, ಬಂದರಿನ ಮೀನುಗಾರರಿಂದ ಕೇಳಿ ತಿಳಿದದ್ದನ್ನು ಬರೆದಿದ್ದೇನೆ: "ಇಳಿತ ಮಧ್ಯಾಹ್ನ ಎರಡು ನಲವತ್ತರವರೆಗೆ. ಪಡುವಣ ಗಾಳಿ ಜೋರು. ಅಳಿವೆಯಲ್ಲಿ ಅಲೆ ಒಡೆಯುತ್ತಿದೆ. ದೋಣಿ ಬಿಡುವಂತಿಲ್ಲ." ಅದರ ಕೆಳಗೆ, ಅವರು ಕೇಳಿದ ಹಾಗೆಯೇ, ನನ್ನ ರುಜು ಹಾಕಿದ್ದೇನೆ.