ನೈಟ್ರೋ ಕಣ್ಣೀರು

ಕಾರು ಬೇಕೋ ಹೆಂಡತಿ ಬೇಕೋ ಎಂಬ ಪ್ರಶ್ನೆಯಿಂದ ವರ್ಜಿಲ್ ಟಟಲ್ ಮದುವೆಯಾದಾಗಿನಿಂದ ನುಣುಚಿಕೊಂಡೇ ಬಂದಿದ್ದ. ಶನಿವಾರ ಬೆಳಿಗ್ಗೆ ಹೆಂಡತಿ ಓಪಲ್ ಕಾಫಿ ಬಗ್ಗಿಸುತ್ತ, ಇವತ್ತು ಆ ಗಾಡಿ ಮಾರದೆ ಬಂದರೆ ತಾನು ವಿಚಿಟಾದ ಅಕ್ಕನ ಮನೆಗೆ ಹೋಗುವುದು ಖಂಡಿತ ಎಂದಳು. ಕೂಗಾಡಿದ್ದರೆ ಅವನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ತಣ್ಣಗೆ ಹೇಳಿದ್ದರಿಂದ ಅವನ ಜೀವ ಬಾಯಿಗೆ ಬಂತು. ಹೆಂಡತಿಯೇ ಬೇಕು ಎಂದು ಗಟ್ಟಿಮನಸ್ಸು ಮಾಡಿ, ಗಾಡಿಯನ್ನು ಟ್ರೇಲರಿಗೇರಿಸಿ ರೇಸ್ ಮೈದಾನಕ್ಕೆ ಹೊರಟ.

ಅದು ನೇರ ಹಾದಿಯ ರೇಸಿಗೆಂದೇ ಕಟ್ಟಿದ ಉದ್ದ ಮೂತಿಯ ಡ್ರ್ಯಾಗ್‌ಸ್ಟರ್. ಕುಡಿಯುವುದು ಮುಕ್ಕಾಲುಪಾಲಿಗೂ ಹೆಚ್ಚು ನೈಟ್ರೋಮೀಥೇನ್ ಎಂಬ ಇಂಧನ, ಉಳಿದದ್ದು ಮೆಥನಾಲ್ ಎಂಬ ಆಲ್ಕೋಹಾಲ್. ಎಂಜಿನ್ ಶುರುವಾದರೆ ಎದೆಗೂಡು ನಡುಗುತ್ತದೆ. ಹೊಗೆ ತಗುಲಿದರೆ ಈರುಳ್ಳಿ ಹೆಚ್ಚಿದ ಹಾಗೆ ಕಣ್ಣಲ್ಲಿ ಧಾರಾಕಾರ ನೀರು. ಓಕ್ಲಹೋಮಾದ ಆ ಮೈದಾನದ ಗಂಡಸರಿಗೆ ಇದರಿಂದ ದೊಡ್ಡ ಅನುಕೂಲವಾಗಿತ್ತು. ನಾಯಿ ಸತ್ತವನು, ಮಗಳನ್ನು ಧಾರೆಯೆರೆದವನು, ಫೈನಲ್ಲಿನಲ್ಲಿ ಸೋತವನು, ಎಲ್ಲರೂ ಯಾವುದಾದರೂ ನೈಟ್ರೋ ಗಾಡಿಯ ಹಿಂದೆ ನಿಂತು ಮನಸಾರೆ ಅತ್ತು, ಹೊಗೆ ಎಂದುಬಿಡುತ್ತಿದ್ದರು. ಹೀಗಾಗಿ ಹೊಗೆ ಎಂದವನನ್ನು ಅಲ್ಲಿ ಯಾರೂ ನಂಬುತ್ತಿರಲಿಲ್ಲ.

ಕೊಳ್ಳಲು ಮೊದಲು ಬಂದವನು ಟೆಕ್ಸಾಸಿನ ದಾಂಡಿಗ. ಹೊಗೆ ತಡೆಯಲು ಇದ್ದದ್ದೊಂದೇ ಮುಖವಾಡವನ್ನು ವರ್ಜಿಲ್ ಮರ್ಯಾದೆಗೆಂದು ಅವನಿಗೆ ಕೊಟ್ಟು ಎಂಜಿನ್ ಶುರು ಮಾಡಿದ. ವರ್ಜಿಲನ ಕೆನ್ನೆಯೆಲ್ಲ ತೊಯ್ದುಹೋಯಿತು. ಪಕ್ಕದಲ್ಲೇ ಬರೀ ಆಲ್ಕೋಹಾಲಿನಲ್ಲಿ ಓಡುವ ಗಾಡಿ ಇಟ್ಟುಕೊಂಡಿದ್ದ ಡೆಲ್ಬರ್ಟನಿಗೆ ತನ್ನ ಕೆಲಸಕ್ಕಿಂತ ಊರಿನ ಕೆಲಸ ಹೆಚ್ಚು. ಟೆಕ್ಸಾಸಿನವನ ಕಿವಿಯಲ್ಲಿ, ಪಾಪ, ಹೆಂಡತಿ ಕಾಟಕ್ಕೆ ಕರುಳು ಕಿತ್ತು ಮಾರುತ್ತಿದ್ದಾನೆ ಎಂದು ಊದಿದ.

"ಹೊಗೆ ಮಾರಾಯಾ, ಬರೀ ಹೊಗೆ" ಎಂದ ವರ್ಜಿಲ್.

"ನಮ್ಮಪ್ಪ ಕುದುರೆ ಮಾರಿದ ದಿನ ಧೂಳು ಅಂದಿದ್ದ. ಈ ಪಾಪ ನಂಗೆ ಬೇಡ ಗುರುವೇ" ಎಂದು ಆತ ತಬ್ಬಿಕೊಂಡು ಬೆನ್ನು ತಟ್ಟಿ ಹೋದ.

ವರ್ಜಿಲ್ ಸೋಲೊಪ್ಪುವವನಲ್ಲ. ಕಾನ್ಸಾಸಿನ ಅಣ್ಣತಮ್ಮಂದಿರು ಬಂದಾಗ ಮರ್ಯಾದೆ ಪಕ್ಕಕ್ಕಿಟ್ಟು ಮುಖವಾಡವನ್ನು ತಾನೇ ಬಿಗಿದುಕೊಂಡ. ಎಂಜಿನ್ ನಿಂತಾಗ ಅಣ್ಣತಮ್ಮಂದಿರು ಬಿಕ್ಕುತ್ತಿದ್ದರು. ಇವನ ಕಣ್ಣು ಬೇಸಿಗೆಯ ಕೆರೆಯಾಗಿತ್ತು. ಅಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಇಂಥ ಎಂಜಿನ್ ಮಾರೋವಾಗ ಒಂದ್ ಹನಿ ನೀರು ಬರ್ಲಿಲ್ಲ ಅಂದ್ರೆ, ಒಳಗೆ ಏನೋ ಕೆಟ್ಟಿದೆ. ನಡಿಯೋ ತಮ್ಮಾ."

ಅಷ್ಟರಲ್ಲಿ ಡೆಲ್ಬರ್ಟ್, ನಿನ್ನ ಗಂಡ ಅಳುತ್ತ ಕೂತಿದ್ದಾನೆ, ಮಾರುವ ಲಕ್ಷಣ ಕಾಣೆ ಎಂದು ಓಪಲ್‌ಗೆ ಫೋನು ಮಾಡಿ ಪುಣ್ಯ ಕಟ್ಟಿಕೊಂಡಿದ್ದ. ಯಾರದೋ ಗಾಡಿ ಹತ್ತಿ ಅವಳು ಮೊದಲ ಸಲ ಆ ಮೈದಾನಕ್ಕೆ ಕಾಲಿಟ್ಟಳು. ಡೆಲ್ಬರ್ಟನನ್ನು ಬರ್ಗರ್ ತರಲು ಅಟ್ಟಿದಳು. ಗಾಡಿ ಕೊಳ್ಳಲು ಬಂದಿದ್ದ ಅರ್ಕಾನ್ಸಾದ ಒಬ್ಬ ಹೆಂಗಸನ್ನು ಹಿಡಿದು ತಂದು, ಮುಖವಾಡ ತೊಡಿಸಿ, ತಾನು ಎಂಜಿನ್ನಿನ ಹಿಂದೆಯೇ ಸೊಂಟಕ್ಕೆ ಕೈಯಿಟ್ಟು ನಿಂತು, ಶುರು ಮಾಡು ಎಂದು ಗಂಡನಿಗೆ ಸನ್ನೆ ಮಾಡಿದಳು. ಅರ್ಕಾನ್ಸಾದವಳಿಗೆ ಅಪ್ಪನ ಕುದುರೆಯ ನೆನಪೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ಎಂಜಿನ್ ಕೇಳಿ ತಲೆಯಾಡಿಸಿ, ವ್ಯಾಪಾರ ಮುಗಿಸಲು ಕೈ ಚಾಚಿದಳು.

ವರ್ಜಿಲ್ ಆ ಕೈ ಹಿಡಿಯಬೇಕು, ಅಷ್ಟರಲ್ಲಿ ಓಪಲ್ ಕಡೆ ನೋಡಿದ. ಹೆತ್ತ ತಾಯಿ ಹೋದಾಗಲೂ ಕಣ್ಣು ಒದ್ದೆ ಮಾಡಿಕೊಳ್ಳದವಳ ಮುಖದ ಮೇಲೆ ನೀರು ಹರಿಯುತ್ತಿತ್ತು. ಏನೋ ಹೇಳಲು ಬಾಯಿ ತೆರೆದು, ಗಂಟಲು ಕಟ್ಟಿ, ಕೈ ಬೀಸುತ್ತಿದ್ದಳು. ಅವನ ಎದೆ ಒಡೆದೇಹೋಯಿತು. ಎಂಜಿನ್ ಆರಿಸಿ, "ಕ್ಷಮಿಸಮ್ಮಾ, ಇದು ಮಾರೋಕಿಲ್ಲ" ಎಂದ. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಓಪಲ್‌ಳ ಕೆಮ್ಮು ನಿಲ್ಲುವಷ್ಟರಲ್ಲಿ ಅರ್ಕಾನ್ಸಾದವಳು ಬೇರೆ ಗಾಡಿ ಕೊಂಡಾಗಿತ್ತು.

ದಾರಿಯಲ್ಲಿ ವರ್ಜಿಲ್ ಗದ್ಗದಿತನಾಗಿ ಹೇಳಿದ: "ನಿಂಗೂ ಇದರ ಮೇಲೆ ಇಷ್ಟು ಪ್ರೀತಿ ಅಂತ ಗೊತ್ತೇ ಇರ್ಲಿಲ್ಲ, ಓಪಲ್."

"ಅದು ಹೊಗೆ, ವರ್ಜಿಲ್."

ಅವನು ಅವಳ ಕೈ ಸವರಿದ. "ಎಲ್ರೂ ಹಂಗೇ ಹೇಳೋದು ಚಿನ್ನಾ."

ವಿಚಿಟಾ ಬಸ್ಸು ನಿಲ್ಲುವಲ್ಲಿ ಗಾಡಿ ನಿಲ್ಲಿಸು ಎಂದಳು ಓಪಲ್. ಇಳಿದು, ಒಂದೇ ಒಂದು ಟಿಕೆಟ್ ತೆಗೆದುಕೊಂಡಳು.