ವ್ಯೋಮನೌಕೆಗೆ ಕ್ಲಚ್ಚು

ವಿಜ್ಞಾನ ಕಥೆ ಬರೆಯುವವರನ್ನೆಲ್ಲ ಒಂದೇ ರಾಕೆಟ್ಟಿನಲ್ಲಿ ತುಂಬಿ ಮೇಲಕ್ಕೆ ಕಳಿಸಿಬಿಟ್ಟರೆ ಭೂಮಿಯ ಭಾರ ಎಷ್ಟೋ ಇಳಿದೀತು. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. (ಸ್ವಲ್ಪ ಇದೆ, ಅದು ಬೇರೆ ವಿಷಯ.) ವರ್ಷಕ್ಕೊಂದು ವಿಜ್ಞಾನ ಕಥಾ ಸಂಕಲನ ಸಂಪಾದಿಸುವ ಕರ್ಮ ನನ್ನ ತಲೆಗೆ ಗಂಟುಬಿದ್ದಿದೆ. ಊಟದ ಮೇಜೇ ನನ್ನ ಕಚೇರಿ, ಕೆಂಪು ಪೆನ್ನೇ ನನ್ನ ಬ್ರಹ್ಮಾಸ್ತ್ರ. ಊಟದ ಹೊತ್ತಿಗೆ ಮಾತ್ರ ಕಚೇರಿಯನ್ನು ಎತ್ತಿ ಮಂಚದ ಮೇಲಿಡಬೇಕು.

ಬರುವ ಕಥೆಗಳ ಚಂದವನ್ನು ಏನು ಹೇಳಲಿ! ಯಾವುದೋ ನಕ್ಷತ್ರದಿಂದ ಕೋಟ್ಯಂತರ ಮೈಲಿ ಹಾದು ಬಂದ ಜೀವಿ, ಪಾಪ, ಒಂದು ಲೋಟ ನೀರು ಕೂಡ ಕೇಳದೆ ಇಳಿದ ಕೂಡಲೇ ಭಾಷಣ ಶುರು ಮಾಡುತ್ತದೆ. ರೋಬಾಟ್ ಆದದ್ದು ಪ್ರೀತಿಸುವುದು ವಿಜ್ಞಾನಿಯ ಮಗಳನ್ನೇ. ಬೇರೆ ಹುಡುಗಿಯರು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೂ ಸಾವಿರ ವರ್ಷ ಕಳೆದರೂ ಗಂಡಸು ಪೇಪರ್ ಓದುತ್ತ ಕೂತಿರುತ್ತಾನೆ, ಹೆಂಗಸು ಕಾಫಿ ತಂದುಕೊಡುತ್ತಾಳೆ. (ಇದನ್ನು ನಾನು ಹೆಂಡತಿಗೆ ಹೇಳಿ ನಕ್ಕಾಗ ನನ್ನ ಕೈಯಲ್ಲಿ ಪೇಪರ್ ಇತ್ತು, ಅವಳ ಕೈಯಲ್ಲಿ ಕಾಫಿ ಇತ್ತು. ಲೋಟ ಕುಕ್ಕಿ ಹೋದಳು.) ಕಥೆ ಮುಗಿಸಲು ಬಾರದವರಂತೂ ನಾಯಕನನ್ನು ಹಾಸಿಗೆಯಿಂದ ಎಬ್ಬಿಸಿ ‘ಅಬ್ಬಾ, ಎಲ್ಲ ಕನಸು!’ ಎನ್ನಿಸಿ ಕೈತೊಳೆದುಕೊಳ್ಳುತ್ತಾರೆ. ಅಂಥವರ ಹಸ್ತಪ್ರತಿಯ ಅಂಚಿನಲ್ಲಿ ನಾನು ಬರೆಯುವ ಟಿಪ್ಪಣಿಗಳಿಗೆ ಹೆದರಿ ಇಬ್ಬರು ಕವಿತೆಗೆ ಇಳಿದಿದ್ದಾರಂತೆ.

ಈ ಸಲ ಪ್ರಕಾಶಕರು ಫೋನ್ ಮಾಡಿ, “ಸಾರ್, ಇನ್ನು ಹದಿನಾರು ಪುಟಕ್ಕೆ ಮಾತ್ರ ಜಾಗ ಇದೆ. ನಿಮ್ಮ ಮುನ್ನುಡಿಯಾದ್ರೂ ಕೊಡಿ, ಒಂದು ಕಥೆಯಾದ್ರೂ ಕೊಡಿ. ಸಂಜೆಗೆ ಅಚ್ಚಿಗೆ ಹೋಗ್ಬೇಕು” ಎಂದರು. ಇದರಲ್ಲಿ ಯೋಚನೆ ಮಾಡುವುದೇನಿದೆ? ನನ್ನ ಮುನ್ನುಡಿ ಸಿದ್ಧವಾಗಿತ್ತು. ಶೀರ್ಷಿಕೆ: ‘ಅನಂತದಲ್ಲಿ ಅಚಲ ಮಾನವ’. ನಾಳೆಯ ಮನುಷ್ಯ ಒಂಟಿತನಕ್ಕೆ ಅಂಜುವುದಿಲ್ಲ, ಕತ್ತಲೆಗೆ ಬೆದರುವುದಿಲ್ಲ, ಅಳುಬುರುಕ ನಾಯಕರನ್ನು ಸೃಷ್ಟಿಸುವ ಲೇಖಕರಿಗೆ ಮನುಷ್ಯನ ಪರಿಚಯವೇ ಇಲ್ಲ ಎಂದು ಅದರಲ್ಲಿ ಗುಡುಗಿದ್ದೆ. ಬರೆಯಲು ಒಂದು ಮಳೆಗಾಲ ಹಿಡಿದಿತ್ತು. ನನ್ನ ಜೀವಮಾನದ ಕೃತಿ ಎಂದೇ ಇಟ್ಟುಕೊಳ್ಳಿ.

ಅಡ್ಡ ಬಂದದ್ದು ನನ್ನ ಮಾವ.

ನನ್ನ ಹೆಂಡತಿಯ ತಂದೆ. ನಮ್ಮ ಜೊತೆಯಲ್ಲೇ ಇದ್ದಾರೆ. ಜೀವನವಿಡೀ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಊರಿಗೆಲ್ಲ ಕಾರು ಕಲಿಸಿ, ಕೊನೆಗೆ ನನಗೆ ಕಲಿಸಲು ಬಂದು, ಆಮೇಲೆ ಸ್ಕೂಲನ್ನೇ ಮುಚ್ಚಿದರು. (ಎರಡಕ್ಕೂ ಸಂಬಂಧವಿಲ್ಲ ಎಂದು ನಾನು ನಂಬಿದ್ದೇನೆ.) ಅವರು ಒಂದು ಕಥೆ ಬರೆದಿದ್ದರು. ವ್ಯೋಮನೌಕೆಯ ಕ್ಯಾಪ್ಟನ್ ಪುಟ್ಟ ಕೋಣೆಯೊಂದರಲ್ಲಿ ಒಬ್ಬನೇ ಸಿಕ್ಕಿಬೀಳುತ್ತಾನೆ. ಮೊದಲು ‘ನಾನ್ಯಾರು ಗೊತ್ತಾ?’ ಎಂದು ಅಬ್ಬರಿಸುತ್ತಾನೆ. ಆಮೇಲೆ ‘ಇದೆಲ್ಲ ಪಿತೂರಿ’ ಎನ್ನುತ್ತಾನೆ. ಆಮೇಲೆ ‘ಇನ್ಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ’ ಎಂದು ಗೋಗರೆಯುತ್ತಾನೆ. ಕೊನೆಗೆ ಅಮ್ಮನನ್ನು ಕರೆಯುತ್ತಾನೆ. ನೋಡಿದರೆ ಬಾಗಿಲಿಗೆ ಏನೂ ಆಗಿರುವುದಿಲ್ಲ. ಒಳಕ್ಕೆ ಎಳೆಯಬೇಕಾದ ಬಾಗಿಲನ್ನು ಆ ಮಹಾಶಯ ಹೊರಕ್ಕೆ ದೂಡುತ್ತಿರುತ್ತಾನೆ, ಅಷ್ಟೇ.

ನಾನು ಅಂಚಿನುದ್ದಕ್ಕೂ ‘ಅಸಹಜ’, ‘ಅತಿ ಅಸಹಜ’ ಎಂದು ಕೆಂಪಾಗಿಸಿ, ಕೊನೆಯ ಪುಟದಲ್ಲಿ ಬರೆದೆ: ‘ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ತಿಳಿಯದ ದಡ್ಡನ ಕೈಗೆ ನೌಕೆ ಕೊಟ್ಟವರು ಯಾರು?’

“ಅಪ್ಪನ ಕಥೆ ಓದಿದ್ರಾ?” ಹೆಂಡತಿ ಹಾಲನ್ನು ಒಲೆಯ ಮೇಲಿಡುತ್ತ ಕೇಳಿದಳು.

“ಓದ್ದೆ. ವ್ಯೋಮನೌಕೆಗೆ ಕ್ಲಚ್ಚು ಇರಲ್ಲ ಕಣೇ.”

ಮಾವ ಪಕ್ಕದಲ್ಲೇ ಕೂತಿದ್ದರು. “ಕ್ಲಚ್ಚಿಲ್ದೆ ಗೇರ್ ಹೇಗೆ ಹಾಕ್ತಾರೆ ಅಳಿಯಂದ್ರೇ?”

“ಗೇರೂ ಇರಲ್ಲ ಮಾವ.”

“ಹಾಗಾದ್ರೆ ಅದನ್ನ ಓಡ್ಸೋದ್ರಲ್ಲಿ ಏನು ದೊಡ್ಡಸ್ತಿಕೆ?” ಎಂದು ಅವರು ನನ್ನನ್ನೇ ಕನಿಕರದಿಂದ ನೋಡಿದರು.

“ಕ್ಲಚ್ ಹಾಳಾಗ್ಲಿ,” ಎಂದೆ. “ನಿಮ್ಮ ಕ್ಯಾಪ್ಟನ್ ಅರ್ಧ ಗಂಟೆ ಒಬ್ಬನೇ ಕೂತ್ರೆ ಅಳ್ತಾನಲ್ಲ, ಯಾರಾದ್ರೂ ನಂಬೋ ಮಾತಾ? ನಾನು ಅರ್ಧ ದಿನ ಕೂತಿರ್ತೀನಿ!”

“ಬಚ್ಚಲುಮನೆ ಖಾಲಿ ಇದೆ,” ಎಂದಳು ಹೆಂಡತಿ.

“ಅಂದ್ರೆ?”

“ಕೂತ್ಕೊಂಡು ತೋರ್ಸಿ. ನೀವು ಗಟ್ಟಿಯಾಗಿದ್ರೆ ಮುನ್ನುಡಿ. ಅಪ್ಪನ ಕ್ಯಾಪ್ಟನ್ ಥರ ಆಡಿದ್ರೆ ಕಥೆ.”

ಸಂಪಾದಕನಾದವನಿಗೆ ಇದೊಂದು ಸವಾಲೇ! ಟವೆಲನ್ನು ಹೆಗಲಿಗೆ ಹಾಕಿಕೊಂಡು, ಗಗನಯಾತ್ರಿಯಂತೆ ಇಬ್ಬರಿಗೂ ಕೈಬೀಸಿ ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಬಕೆಟ್ ಬೋರಲು ಹಾಕಿ ಅದರ ಮೇಲೆ ಆಸೀನನಾದೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ಅನಂತದಲ್ಲಿ ಅಚಲ ಮಾನವ! ಬೇಕಿದ್ದರೆ ಇಲ್ಲೇ ಕೂತು ಇನ್ನೊಂದು ಮುನ್ನುಡಿ ಬರೆದೇನು ಅನ್ನಿಸಿತು.

ಆಗ ಸೋಪಿನ ಡಬ್ಬಿಯ ಹಿಂದಿನಿಂದ ಎರಡು ಮೀಸೆಗಳು ಹೊರಬಂದವು. ಹಿಂದೆಯೇ ಜಿರಳೆ ಬಂತು.

ನಾನು ಜಿರಳೆಗೆ ಹೆದರುವವನಲ್ಲ. ಅದು ನಡೆಯುತ್ತಿರುವ ತನಕ. ಇದು ನಡೆಯಲಿಲ್ಲ, ರೆಕ್ಕೆ ಬಿಚ್ಚಿತು. ಬಿಚ್ಚಿ ನೇರವಾಗಿ ನನ್ನ ಮುಖದತ್ತ ಬಂತು. ನಾನು ಎದ್ದ ರಭಸಕ್ಕೆ ಬಕೆಟ್ ಉರುಳಿತು. ಚಿಲಕ ಸರಿಸಿ ಬಾಗಿಲಿಗೆ ಹೆಗಲು ಕೊಟ್ಟೆ. ಅಲ್ಲಾಡಲಿಲ್ಲ. ಮತ್ತೆ ಗುದ್ದಿದೆ. ಊಹೂಂ.

“ಏಯ್, ಬಾಗಿಲು ತೆಗೀರಿ!”

“ಆಗ್ಲೇ ಮುಗೀತಾ?” ಹೆಂಡತಿಯ ದನಿ.

“ತಮಾಷೆ ಸಾಕು. ತೆಗೀ ಅಂದ್ರೆ ತೆಗೀಬೇಕು! ನಾನ್ಯಾರು ಅಂದ್ಕೊಂಡಿದ್ದೀಯ? ಈ ಮನೆ ಯಜಮಾನ!”

ಹೊರಗೆ ಕುರ್ಚಿ ಎಳೆದ ಸದ್ದು, ಕಾಗದ ಸರಪರ. “ಎರಡನೇ ಪುಟ,” ಎಂದರು ಮಾವ.

ಜಿರಳೆ ಕನ್ನಡಿಯ ಮೇಲಿಂದ ಮತ್ತೆ ಹಾರಿತು. ಟವೆಲ್ ಬೀಸಿದೆ. ಟವೆಲ್ ಬಲ್ಬಿಗೆ ತಗುಲಿತು. ಬಲ್ಬ್ ಹೋಯಿತು. ಕತ್ತಲಲ್ಲಿ ಒಂದು ಜಿರಳೆ ಇಪ್ಪತ್ತಾಗುತ್ತದೆ.

“ನೀವೇ ಹೊರಗಿಂದ ಚಿಲಕ ಹಾಕಿದ್ದೀರಿ! ಅಪ್ಪ ಮಗಳು ಸೇರ್ಕೊಂಡು ನನ್ನ ಮುನ್ನುಡಿ ಮುಳುಗ್ಸೋಕೆ ಮಾಡಿದ ಪಿತೂರಿ ಇದು!”

“ಮೂರನೇ ಪುಟ.”

“ಹೊರಗೆ ಚಿಲಕಾನೇ ಇಲ್ಲ ಕಣ್ರೀ,” ಎಂದಳು ಹೆಂಡತಿ. ಅವಳು ನಗು ತಡೆದುಕೊಳ್ಳುತ್ತಿದ್ದುದು ಬಾಗಿಲಿನ ಈಚೆಗೂ ತಿಳಿಯುತ್ತಿತ್ತು. ಅಷ್ಟರಲ್ಲಿ ಅಂಗಿಯ ಕಾಲರಿನೊಳಗೆ ಏನೋ ಹರಿದಾಡಿತು. ನನ್ನ ಸಂಪಾದಕತ್ವ ಅಲ್ಲಿಗೆ ಮುಗಿಯಿತು.

“ಲೇ, ದಮ್ಮಯ್ಯ ಅಂತೀನಿ ಕಣೇ! ಇನ್ಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ! ಕಾಫಿ ನಾನೇ ಮಾಡ್ಕೊಡ್ತೀನಿ! ಮಾವಾ! ಅಯ್ಯೋ, ಅಮ್ಮಾ!”

“ಕೊನೇ ಪುಟ,” ಎಂದರು ಮಾವ. ಆಮೇಲೆ ಬಾಗಿಲಿಗೆ ಬಾಯಿ ಹಚ್ಚಿ, ಎಷ್ಟೋ ಮಂದಿ ಶಿಷ್ಯರನ್ನು ಗುಂಡಿಗೆ ಬೀಳದಂತೆ ಕಾಪಾಡಿದ ಅದೇ ಮೆಲುದನಿಯಲ್ಲಿ ಹೇಳಿದರು: “ಅಳಿಯಂದ್ರೇ, ಗಾಬರಿ ಆದಾಗ ನೀವು ಯಾವಾಗ್ಲೂ ಬ್ರೇಕ್ ಬಿಟ್ಟು ಇನ್ನೊಂದನ್ನೇ ತುಳಿಯೋದು. ದೂಡ್ಬೇಡಿ. ಒಳಗೆ ಎಳೀರಿ.”

ಎಳೆದೆ. ಬಾಗಿಲು ಬೆಣ್ಣೆಯಂತೆ ತೆರೆಯಿತು. ಮದುವೆಯಾದಾಗಿನಿಂದ ಇದೇ ಮನೆಯಲ್ಲಿದ್ದೇನೆ, ದಿನಾ ಇದೇ ಬಾಗಿಲಲ್ಲಿ ಸ್ನಾನಕ್ಕೆ ಹೋಗಿ ಬಂದಿದ್ದೇನೆ.

ಒಲೆಯ ಮೇಲಿನ ಹಾಲು ಇನ್ನೂ ಉಕ್ಕಿರಲಿಲ್ಲ.

ಇಬ್ಬರೂ ಗಹಗಹಿಸಿ ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಹೆಂಡತಿ ನನ್ನ ಕಾಲರಿನಿಂದ ಒಂದು ದಾರದ ಎಳೆಯನ್ನು ತೆಗೆದು ಕಣ್ಣಮುಂದೆ ಹಿಡಿದಳು. ಜಿರಳೆಯಲ್ಲ, ಟವೆಲಿನ ದಾರ. ನಾನು ಮೇಜಿಗೆ ಹೋಗಿ ಮುನ್ನುಡಿಯನ್ನು ಮಡಚಿಟ್ಟೆ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಒಂದು ಇಡೀ ಮಳೆಗಾಲದ ಕೆಲಸ!

ಮಾವ ಹಸ್ತಪ್ರತಿಯನ್ನು ಮುಂದಿಟ್ಟು ವಿನಯದಿಂದ ಕೇಳಿದರು: “ಒಂದೆರಡು ಮಾತು ಸೇರಿಸ್ಲಾ ಅಳಿಯಂದ್ರೇ? ‘ದಮ್ಮಯ್ಯ’ ಅನ್ನೋದು ನಂಗೆ ಹೊಳೆದಿರ್ಲಿಲ್ಲ. ಕಾಫಿದೂ ಚೆನ್ನಾಗಿದೆ.”

“ಸೇರಿಸಿ.”

“ಮತ್ತೆ ಆ ಕ್ಲಚ್ಚು, ತೆಗೀಲಾ?”

“ಇರಲಿ ಮಾವ,” ಎಂದೆ. “ಬೇಕಿದ್ರೆ ಹ್ಯಾಂಡ್‌ಬ್ರೇಕೂ ಹಾಕಿ.”

ಹಾಕಿದರು. ಪುಸ್ತಕ ಬಂತು. ‘ಕ್ಯಾಪ್ಟನ್ನನ ಗೋಳು ಎಷ್ಟು ಸಹಜ! ಸಂಪಾದಕರು ಮುನ್ನುಡಿ ಬರೆಯದೆ ಓದುಗರಿಗೆ ಉಪಕಾರ ಮಾಡಿದ್ದಾರೆ’ ಎಂದು ಒಬ್ಬ ವಿಮರ್ಶಕ ಬರೆದ. (ಅವನನ್ನೂ ಅದೇ ರಾಕೆಟ್ಟಿಗೆ ಹತ್ತಿಸಬೇಕು.) ಈಗ ಮನೆಗೆ ಬಂದ ನೆಂಟರು ಬಚ್ಚಲುಮನೆಗೆ ಹೋದರೆ ಹೊರಬರುವಾಗ ಮುಖದಲ್ಲಿ ನಗು ಇರುತ್ತದೆ. ಬಾಗಿಲಿನ ಒಳಬದಿಗೆ ಹೆಂಡತಿ ಒಂದು ಚೀಟಿ ಅಂಟಿಸಿದ್ದಾಳೆ. ನನ್ನದೇ ಕೆಂಪು ಪೆನ್ನಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದಿದ್ದಾಳೆ: ‘ಸಂಪಾದಕರೇ, ಒಳಗೆ ಎಳೆಯಿರಿ.’