ಹನ್ನೆರಡು ಪದಗಳೂ ನಮ್ಮತ್ತೆಯ ಕುರಿದೊಡ್ಡಿಯೂ

ಜೋಪಾನ ಮಾಡುವುದು ನನ್ನ ರೋಗ. ವಸ್ತುಗಳನ್ನು ಕಳೆದುಕೊಳ್ಳುವವರು ಒಂದು ದಿನ ಪೇಚಾಡಿ ಸುಮ್ಮನಾಗುತ್ತಾರೆ. ನನ್ನಂಥವರಿಗೆ ಆ ನೆಮ್ಮದಿಯೂ ಇಲ್ಲ. ‘ಇಲ್ಲೇ ಎಲ್ಲೋ ಭದ್ರವಾಗಿ ಇಟ್ಟಿದ್ದೀನಿ’ ಎಂದುಕೊಂಡು ವರ್ಷಗಟ್ಟಲೆ ಹುಡುಕುತ್ತಲೇ ಇರುತ್ತೇವೆ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಮ್ಮೆ ರಾಗಿ ಡ್ರಮ್ಮಿನ ತಳದಲ್ಲಿ ಸಿಕ್ಕಿತ್ತು. ಗ್ಯಾಸ್ ಪುಸ್ತಕ ಸಿಕ್ಕಿದ್ದು ಹಾಸಿಗೆಯ ಹತ್ತಿಯ ನಡುವೆ, ಅದೂ ಹಾಸಿಗೆ ಹೊಲಿಯುವವನ ಕೈಗೆ. ನನ್ನ ಹೆಂಡತಿ ಮಂಜುಳಾ ಕನಕಪುರದಲ್ಲೇ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಅವಳು ಮದುವೆಯಾದ ಎರಡನೇ ವರ್ಷವೇ ಬೀರುವಿನ ಕೀಲಿಯನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಆ ಮೇಲೆ ಮನೆಯಲ್ಲಿ ನಾನು ಜೋಪಾನ ಮಾಡಬಹುದಾದ ವಸ್ತು ಎಂದರೆ ನನ್ನ ಕನ್ನಡಕ ಒಂದೇ.

ಇಂಥ ನನ್ನ ಕೈಗೆ ನಮ್ಮತ್ತೆ ಚಿಕ್ಕತಾಯಮ್ಮನವರು ದುಡ್ಡು ಕೊಟ್ಟರು. ಅತ್ತೆಯದು ಮರಳವಾಡಿಯ ಹತ್ತಿರ ಒಂದಿಷ್ಟು ಹೊಲ, ಮೂವತ್ತು ನಲವತ್ತು ಕುರಿ. ಆರೇಳು ವರ್ಷದ ಹಿಂದೆ ಎರಡು ಟಗರು ಮಾರಿದ್ದರು. ಊಟಕ್ಕೆ ಕೂತವನ ಮುಂದೆ ಸೆರಗಿನ ಗಂಟು ಬಿಚ್ಚಿ ದುಡ್ಡಿಟ್ಟು, “ಅಳೀಮಯ್ಯ, ಬ್ಯಾಂಕಲ್ಲಿ ಇಟ್ರೆ ಬರೀ ನಿದ್ದೆ ಒಡೀತದೆ. ನೀನು ಓದ್ದೋನು, ಎಲ್ಲಾದ್ರೂ ಬೆಳಿಯೋ ಕಡೆ ಆಕು” ಎಂದರು. ಓದಿದವನು ಎನ್ನಿಸಿಕೊಂಡ ಖುಷಿಯಲ್ಲಿ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಆಗ ನಮ್ಮ ಹೈಸ್ಕೂಲಿನಲ್ಲಿ ಗಣಿತಕ್ಕೆ ರಿಜ್ವಾನ್ ಅಂತ ಒಬ್ಬ ಮೇಷ್ಟ್ರಿದ್ದರು. ನಾನು ಕನ್ನಡ ಪಂಡಿತ. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ನನ್ನ ಪಕ್ಕದಲ್ಲೇ ಇದ್ದದ್ದರಿಂದ ಬಿಟ್‌ಕಾಯಿನ್ ಎಂಬ ಪದ ನನ್ನ ಕಿವಿಗೆ ದಿನಕ್ಕೆ ಎಂಟು ಸಲ ಬೀಳುತ್ತಿತ್ತು. ಅವರೇ ನನ್ನ ಫೋನಿಗೆ ಒಂದು ಆ್ಯಪ್ ಹಾಕಿ ಕೊಟ್ಟು, ಅತ್ತೆಯ ಟಗರುಗಳನ್ನು ಕಾಯಿನ್ ಆಗಿ ಪರಿವರ್ತಿಸಿದರು. ಆ್ಯಪು ಹನ್ನೆರಡು ಇಂಗ್ಲಿಷ್ ಪದಗಳನ್ನು ತೋರಿಸಿತು. “ಸಾರ್, ಇದು ಸೀಡ್ ಫ್ರೇಸು, ಅಂದ್ರೆ ಬೀಜ. ಫೋನ್ ಹಾಳಾದ್ರೂ ಈ ಹನ್ನೆರಡು ಪದ ಇದೇ ಸಾಲಲ್ಲಿ ಇದ್ರೆ ದುಡ್ಡು ವಾಪಸ್ ಬರುತ್ತೆ. ಇವು ಹೋದ್ರೆ ದೇವರು ಬಂದ್ರೂ ಬರಲ್ಲ. ಕಾಗದದ ಮೇಲೆ ಬರ್ಕೊಳ್ಳಿ” ಎಂದು ಹೇಳಿ ಅವರು ಎಂಟನೇ ಕ್ಲಾಸಿಗೆ ಹೋದರು.

ಬರೆದುಕೊಂಡೆ. ಆದರೆ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಇದನ್ನು ಅಭಿಮಾನ ಎಂದು ಎಷ್ಟೋ ದಿನ ಹೇಳಿಕೊಂಡು ತಿರುಗಿದ್ದೇನೆ. ನಿಜ ಹೇಳಬೇಕೆಂದರೆ ಇಂಗ್ಲಿಷ್ ಸ್ಪೆಲಿಂಗ್ ನನಗೆ ಇವತ್ತಿಗೂ ನೆಟ್ಟಗೆ ಬರುವುದಿಲ್ಲ. ಅಂಕಲ್, ಟೊಮ್ಯಾಟೊ, ಎಲಿಫೆಂಟ್, ಕಿಚನ್ ಎಂದು ಒಂದು ಮದುವೆ ಕಾಗದದ ಹಿಂಭಾಗದಲ್ಲಿ ದುಂಡಗೆ ಬರೆದೆ. ಸಾಲದು ಎಂದು ಬಾಯಿಪಾಠಕ್ಕೂ ಕೂತೆ. ಆ ದಸರಾ ರಜೆಯಲ್ಲಿ ಮರಳವಾಡಿಗೆ ಹೋದಾಗ ಬೆಳಗ್ಗೆ ಹಲ್ಲುಜ್ಜುತ್ತಾ ದೊಡ್ಡಿಯ ಸುತ್ತ ತಿರುಗಿ “ಅಂಕಲ್ ಟೊಮ್ಯಾಟೊ” ಎಂದು ಉರು ಹಾಕುತ್ತಿದ್ದೆ. ಕುರಿಗಳು ಮೆಲುಕು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದವು. ರಜೆ ಮುಗಿದ ವಾರದಲ್ಲಿ ನಾನು ಎಲ್ಲ ಮರೆತೆ. ಕಾಗದವನ್ನು ಮಾತ್ರ ಭದ್ರವಾಗಿ ಇಟ್ಟೆ.

ಆಮೇಲೆ ಒಂದು ವರ್ಷ ಶಾಲೆಯ ಮಕ್ಕಳನ್ನು ಕರೆದುಕೊಂಡು ಸಾವನದುರ್ಗಕ್ಕೆ ಹೋಗಿದ್ದೆವು. ಬಂಡೆಯ ಅರ್ಧ ಹತ್ತಿ ಏದುಸಿರು ಬಿಡುತ್ತಾ ಸೆಲ್ಫಿಗೆ ಬಾಗಿದೆ. ಫೋನು ಬೆವರುಗೈಯಿಂದ ಜಾರಿತು. ಆ ಕಲ್ಲಿನ ಮೇಲೆ ಅದು ಯಾವ ಆತುರವೂ ಇಲ್ಲದೆ, ನಾಲ್ಕು ಸಲ ಪಲ್ಟಿ ಹೊಡೆದು, ಕಣ್ಣಿಗೆ ಕಾಣದ ಕಡೆ ಹೋಯಿತು. ಎಂಬತ್ತು ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಹನ್ನೆರಡು ಪದ ಇದೆಯಲ್ಲ ಎಂಬ ಧೈರ್ಯ. ಹೊಸ ಫೋನಿನಲ್ಲಿ ಆ ಹಳೆಯ ಆ್ಯಪು ಸಿಗಲಿಲ್ಲ, ಅದನ್ನು ನಡೆಸುವವರು ಅಂಗಡಿ ಮುಚ್ಚಿದ್ದರಂತೆ. ಇರಲಿ, ಬೇಕಾದಾಗ ನೋಡಿಕೊಂಡರಾಯಿತು ಎಂದು ಬಿಟ್ಟೆ. ಅತ್ತೆಗೆ ಹೇಳುವ ಅಗತ್ಯ ಕಾಣಲಿಲ್ಲ.

ಅಗತ್ಯ ಈ ವರ್ಷ ಚಿರತೆಯ ರೂಪದಲ್ಲಿ ಬಂತು. ಒಂದು ಬೆಳಗ್ಗೆ ಅತ್ತೆ ಫೋನ್ ಮಾಡಿದರು. “ಚಿರ್ತೆ ಎಲ್ಡ್ ಮರಿ ಎತ್ಕಂಡೋಯ್ತು ಕಣಪ್ಪ. ದೊಡ್ಡಿಗೆ ಸುತ್ಲೂ ಮೇಲ್ಕೂ ಕಬ್ಬುಣದ ಮೆಶ್ ಆಕುಸ್ಬೇಕು. ಇಲ್ದಿದ್ರೆ ಇದು ದಿನಾ ಬತ್ತದೆ. ನಿನ್ ತಾವ ಕೊಟ್ಟಿದ್ನಲ್ಲ, ಅದ್ರಲ್ಲಿ ಒಸಿ ತೆಕ್ಕೊಡು.” ಅದಕ್ಕೇನಂತೆ ಅತ್ತೆ, ಈ ವಾರವೇ ಎಂದೆ. ಫೋನಿಟ್ಟವನೇ ನೇರ ರಾಗಿ ಡ್ರಮ್ಮಿನ ಹತ್ತಿರ ಹೋದೆ. ಯಾಕೆಂದರೆ ಕಾಗದವನ್ನು ಎಲ್ಲಿಟ್ಟಿದ್ದೆ ಎಂಬುದು ನೆನಪಿರಲಿಲ್ಲ.

ಎರಡು ಭಾನುವಾರ ಹುಡುಕಿದೆ. ಮಂಜುಳಾ ಏನು ಎಂದು ಕೇಳಿದಾಗಲೆಲ್ಲ ಮನೆ ಧೂಳು ಹೊಡೆಯುತ್ತಿದ್ದೇನೆ ಎಂದೆ. ನಾನು ಧೂಳು ಹೊಡೆಯುವುದನ್ನು ಅವಳು ಇಪ್ಪತ್ತು ವರ್ಷದಲ್ಲಿ ಕಂಡಿರದ ಕಾರಣ ಅನುಮಾನ ಅಲ್ಲಿಂದಲೇ ಶುರುವಾಯಿತು. ಕೊನೆಗೆ ಅದು ಸಿಕ್ಕಿದ್ದು ದೇವರ ಮನೆಯಲ್ಲಿ, ಲಕ್ಷ್ಮಿಯ ಪಟದ ಹಿಂದೆ. ಐಶ್ವರ್ಯಕ್ಕೆ ತಕ್ಕ ಜಾಗ ಎಂದೇ ಇಟ್ಟಿರಬೇಕು. ದೀಪದ ಎಣ್ಣೆ ಗೋಡೆಯಗುಂಟ ಇಳಿದು ಕಾಗದವನ್ನು ಸೇರಿತ್ತು. ಹನ್ನೊಂದು ಪದ ಓದಲು ಬರುತ್ತಿದ್ದವು. ಏಳನೆಯದರ ಜಾಗದಲ್ಲಿ ಕರೀ ಎಣ್ಣೆಯ ಒಂದು ಮಚ್ಚೆ ಇತ್ತು.

ಅಂತರ್ಜಾಲದಲ್ಲಿ ಸಹಾಯ ಕೇಳಿದೆ. ಐದೇ ನಿಮಿಷಕ್ಕೆ ಒಬ್ಬ ಮಹಾನುಭಾವ ಮೆಸೇಜ್ ಮಾಡಿ, ಚಿಂತೆ ಬೇಡ, ನಿಮಗೆ ಗೊತ್ತಿರುವ ಹನ್ನೊಂದು ಪದ ಕಳಿಸಿ, ಉಳಿದ ಒಂದನ್ನು ನಮ್ಮ ಯಂತ್ರ ಹುಡುಕುತ್ತದೆ ಎಂದ. ಎಷ್ಟು ಒಳ್ಳೆಯ ಮನುಷ್ಯ ಎನ್ನಿಸಿತು. ಟೈಪ್ ಮಾಡುತ್ತಾ ಕೂತಿದ್ದಾಗ ಮಂಜುಳಾ ಹಿಂದಿನಿಂದ ಬಂದು ಓದಿದಳು. “ಬೀಗದಕೈ ಕಳಿಸಿ, ಬೀಗ ರಿಪೇರಿ ಮಾಡ್ಕೊಡ್ತೀನಿ ಅಂತ ಮುಖಾನೇ ನೋಡ್ದೇ ಇರೋನು ಕೇಳಿದ್ರೆ ಕೊಡ್ತೀರಾ? ಯಾವ ಬೀಗ ಇದು?” ಎಂದಳು. ಸ್ವರ ಏರಿಸಲಿಲ್ಲ. ರೋಗಿಗಳನ್ನು ಎಲ್ಲಿ ನೋವು ಎಂದು ಕೇಳುವ ಧಾಟಿಯಲ್ಲಿ ಕೇಳಿದಳು ಅಷ್ಟೆ. ನಾನು ಟಗರು, ಕಾಯಿನ್ನು, ಸಾವನದುರ್ಗ, ಲಕ್ಷ್ಮಿ ಪಟ ಎಲ್ಲವನ್ನೂ ಹೇಳಿಬಿಟ್ಟೆ. ಕೇಳಿ ಮುಗಿಸಿ ಅವಳು ನಾನು ಟೈಪ್ ಮಾಡಿದ್ದನ್ನೆಲ್ಲ ಅಳಿಸಿ, “ಅಮ್ಮನ ಹತ್ರ ನೀವೇ ಹೇಳ್ಬೇಕು” ಎಂದಳು.

ಮಾರನೇ ದಿನ ರಜೆ ಹಾಕಿ ಇಬ್ಬರೂ ಮರಳವಾಡಿ ಬಸ್ಸು ಹತ್ತಿದೆವು. ಅತ್ತೆ ದೊಡ್ಡಿಯ ಮುಂದೆ ಕೂತು ಮುಳ್ಳುಕಂಟಿ ಒಟ್ಟುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ, ಹನ್ನೆರಡು ಮಾತಿನಲ್ಲಿ ಒಂದು ಅಳಿಸಿಹೋಗಿದೆ, ಅದು ಸಿಗುವ ತನಕ ದುಡ್ಡು ಇಲ್ಲ ಎಂದು. ಬೈಗುಳಕ್ಕೆ ತಯಾರಾಗಿದ್ದೆ. ಅತ್ತೆ ಕಂಟಿಯನ್ನು ಪಕ್ಕಕ್ಕಿಟ್ಟು, “ಯಾವ್ದು, ನೀನು ಆವತ್ತು ಈ ದೊಡ್ಡಿ ಸುತ್ತ ಏಳ್ಕೊಂಡು ತಿರುಗ್ತಿದ್ದೆಲ್ಲ, ಅದಾ?” ಎಂದರು. ಹೌದು ಎಂದೆ. ಅವರು ಎಲ್ಲೋ ನೋಡುತ್ತಾ, ಸೋಬಾನೆ ಹೇಳುವ ರಾಗದಲ್ಲಿ ಶುರು ಮಾಡಿದರು. “ಅಂಕಲ್ಲು ಟಮಾಟೊ ಎಲಿಪೆಂಟು ಕಿಚನ್ನು…” ನಮ್ಮತ್ತೆಗೆ ಓದು ಬರಹ ಬರುವುದಿಲ್ಲ. ಆದರೆ ಒಂದು ಮದುವೆಗೆ ರಾತ್ರಿಯಿಂದ ಧಾರೆಯವರೆಗೆ ಸಾಕಾಗುವಷ್ಟು ಪದ ಅವರ ತಲೆಯಲ್ಲಿವೆ. ಅದರ ಪಕ್ಕದಲ್ಲಿ ನನ್ನ ಹನ್ನೆರಡೂ ಆರಾಮಾಗಿ ಕೂತಿದ್ದವು. ನಾನು ಕಾಗದ ಹಿಡಿದು ಒಂದೊಂದಾಗಿ ಬೆರಳಿಟ್ಟೆ. ಆರನೆಯದು ಪಿಕ್ನಿಕ್. ಏಳನೆಯದಕ್ಕೆ ಬೆರಳು ಮಚ್ಚೆಯ ಮೇಲೆ ನಿಂತಿತು. “ಪಿಕ್ನಿಕ್ಕು ಆದ್ಮೇಲೆ ರೈಟು. ಬಸ್ನಲ್ಲಿ ಕಂಡಕ್ಟ್ರು ಅಂತಾನಲ್ಲ, ಅದೇಯ. ನಂಗೆ ಅದ್ರಿಂದ್ಲೇ ಗ್ಯಾಪ್ಕ” ಎಂದರು ಅತ್ತೆ.

ಅಲ್ಲೇ ಜಗಲಿಯ ಮೇಲೆ ಹೊಸ ಆ್ಯಪಿನಲ್ಲಿ ಹನ್ನೆರಡನ್ನೂ ತುಂಬಿದೆ. ಪದಗಳು ಸರಿಯಿಲ್ಲ ಎಂದಿತು. ಮತ್ತೆ ತುಂಬಿದೆ, ಮತ್ತೆ ಅದೇ. ಹನ್ನೆರಡನೆಯ ಪದ ಮೇಲಿನ ಹನ್ನೊಂದಕ್ಕೂ ತಾಳೆ ನೋಡುತ್ತದಂತೆ, ಎಲ್ಲೋ ಒಂದು ತಪ್ಪಿದರೂ ಸಾಮಾನ್ಯವಾಗಿ ಬಾಗಿಲಲ್ಲೇ ತಡೆಯುತ್ತದೆ. ಮಂಜುಳಾ ನನ್ನ ಭುಜದ ಮೇಲಿಂದ ನೋಡಿ, “ನೀವು ಹಾಕಿರೋದು ಬಲಗಡೆ ಅನ್ನೋ ರೈಟು. ಬರೆಯೋ ರೈಟು ಯಾಕಾಗಿರಬಾರ್ದು?” ಎಂದಳು. ಆ್ಯಪು ಒಪ್ಪುವ ಪದಗಳ ಪಟ್ಟಿಯಲ್ಲಿ ಎರಡೂ ಇದ್ದವು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಮೂವತ್ತು ವರ್ಷದಿಂದ ಮಕ್ಕಳಿಗೆ ಬರೆಯಲು ಕಲಿಸುತ್ತಿರುವವನಿಗೆ ಬರೆಯುವ ರೈಟ್ ಹೊಳೆಯಲೇ ಇಲ್ಲ. ಹಾಕಿದೆ. ಬಾಗಿಲು ತೆರೆಯಿತು.

ಒಳಗೆ ಸೊನ್ನೆ ಇತ್ತು. ಉತ್ತರ ಪತ್ರಿಕೆಗಳ ಮೇಲೆ ನಾನು ಎಷ್ಟೋ ಸೊನ್ನೆ ಸುತ್ತಿದ್ದೇನೆ. ಅದನ್ನು ತೆಗೆದುಕೊಳ್ಳುವವರಿಗೆ ಹೇಗಿರುತ್ತದೆ ಎಂದು ಆ ಜಗಲಿಯ ಮೇಲೆ ತಿಳಿಯಿತು. ಅತ್ತೆ ಒಳಗೆ ಹೋಗಿ ತಟ್ಟೆ ತಂದು, “ಮೊದ್ಲು ಉಣ್ಣು” ಎಂದು ಮುದ್ದೆ ಇಟ್ಟರು. ಮುದ್ದೆ ಮುರಿಯಲೂ ಆಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು. “ಚಿರ್ತೆ ಮರಿ ಎತ್ಕಂಡೋದ್ರೆ ನೆತ್ರ ಬಿದ್ದಿರ್ತದೆ, ಎಜ್ಜೆ ಗುರ್ತು ಇರ್ತದೆ. ನಿನ್ನ ಇದ್ರಲ್ಲಿ ದುಡ್ ಓಗಿರೋ ಗುರ್ತು ಐತಾ?” ನೋಡಿದೆ. ಹೋದ ಗುರುತು ಇರಲಿಲ್ಲ. ಬಂದ ಗುರುತೂ ಇರಲಿಲ್ಲ. “ಬಂದೇ ಇಲ್ಲ ಅಂತೈತಾ? ಅಂಗಾದ್ರೆ ನೀನು ಬೇರೆ ದೊಡ್ಡಿಗೆ ಬಂದಿದ್ದೀಯ ಕಣಪ್ಪ” ಎಂದರು ಅತ್ತೆ, ಮಜ್ಜಿಗೆ ಸುರಿಯುತ್ತಾ.

ರಿಜ್ವಾನ್ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಕೆಲಸ ಬಿಟ್ಟು ಚನ್ನಪಟ್ಟಣದಲ್ಲಿ ಅವರ ತಂದೆಯ ಗೊಂಬೆ ಕಾರ್ಖಾನೆ ನೋಡಿಕೊಳ್ಳುತ್ತಿದ್ದರು. ಎಲ್ಲ ಕೇಳಿ, “ಬಂದ ಗುರುತೂ ಇಲ್ಲ ಅಂದ್ರೆ ಕಳುವಾಗಿಲ್ಲ ಸಾರ್. ಪಾತ್, ಅಂದ್ರೆ ದಾರಿ, ತಪ್ಪಿದೆ. ಬನ್ನಿ” ಎಂದರು. ನಾನು ಹೋಗಿ ಬರುತ್ತೇನೆ ಎಂದರೆ ಅತ್ತೆ ಒಪ್ಪಲಿಲ್ಲ. ತಮ್ಮ ದುಡ್ಡು ಎಲ್ಲಿದೆ ಎಂದು ತಾವೇ ನೋಡಬೇಕಂತೆ. ಹಸಿರು ಸೀರೆ ಉಟ್ಟು ಬಸ್ಸಿನಲ್ಲಿ ನನಗಿಂತ ಮೊದಲು ಕಿಟಕಿ ಪಕ್ಕ ಕೂತರು.

ಕಾರ್ಖಾನೆಯ ಮೂಲೆಯಲ್ಲಿ, ಅರಗಿನ ವಾಸನೆಯ ನಡುವೆ, ರಿಜ್ವಾನ್ ಅತ್ತೆಗೆ ಸ್ಟೂಲ್ ಕೊಟ್ಟು ವಿವರಿಸಿದರು. “ಹನ್ನೆರಡು ಪದ ಬೀಜ ಅಮ್ಮ. ಅದರಿಂದ ಒಂದು ಮರ ಬರುತ್ತೆ, ಲೆಕ್ಕವಿಲ್ಲದಷ್ಟು ಕೊಂಬೆ. ಹಳೇ ಆ್ಯಪು ದುಡ್ಡನ್ನ ಒಂದು ಕೊಂಬೆ ಮೇಲೆ ಇಟ್ಟಿತ್ತು. ಹೊಸದು ಇನ್ನೊಂದು ಕೊಂಬೆ ಹತ್ತಿ ನೋಡಿ ಏನೂ ಇಲ್ಲ ಅಂತಿದೆ. ಯಾವ ಕೊಂಬೆ ಅಂತ ಹೇಳೋ ವಿಳಾಸಕ್ಕೆ ಡೆರಿವೇಶನ್ ಪಾತ್ ಅಂತಾರೆ.” ಅತ್ತೆ ತಲೆಯಾಡಿಸಿ, “ಮರ ನಮ್ದೇ ತಾನೇ?” ಎಂದರು. “ನಿಮ್ದೇ.” “ಅಂಗಾದ್ರೆ ಆ ಕೊಂಬೆಗೆ ಅತ್ತು.”

ವಿಳಾಸ ಎಂದರೆ ಮೊದಲು ಒಂದು ಎಂ, ಓರೆ ಗೀಟು, ಒಂದು ಅಂಕಿ, ಅದರ ತಲೆಯ ಮೇಲೊಂದು ಸಣ್ಣ ಗೆರೆ, ಮತ್ತೆ ಗೀಟು, ಮತ್ತೆ ಸೊನ್ನೆಗಳು. ಹೊಸ ಆ್ಯಪು ಎಂಬತ್ನಾಲ್ಕರ ಕೊಂಬೆ ನೋಡುತ್ತಿತ್ತು. ರಿಜ್ವಾನ್ ತಮ್ಮ ಕಂಪ್ಯೂಟರಿನಲ್ಲಿ ವಿಳಾಸವನ್ನು ನಾವೇ ಬರೆಯಬಹುದಾದ ಅಂಥದೇ ಇನ್ನೊಂದು ಆ್ಯಪು ತೆರೆದು, “ಪದಗಳನ್ನ ನೀವೇ ಹಾಕಿ, ನಾನು ನೋಡೋದು ಬೇಡ” ಎಂದು ಗೋಡೆಯ ಕಡೆ ತಿರುಗಿ ಕೂತರು. ಆದರೆ ಪಕ್ಕದಲ್ಲಿ ಅತ್ತೆ ಗಟ್ಟಿಯಾಗಿ ರಾಗವಾಗಿ ಹೇಳುತ್ತಿದ್ದರು. ಗೋಡೆಯ ಕಡೆ ತಿರುಗಿದ್ದವರ ಬೆನ್ನು ನಗುವಿಗೆ ಕುಲುಕುತ್ತಿತ್ತು. ಹಳೇ ಆ್ಯಪುಗಳು ಬಳಸುತ್ತಿದ್ದ ಅಂಕಿಗಳಲ್ಲಿ ಮೊದಲು ನಲವತ್ತೊಂಬತ್ತು ಹಾಕಿದೆವು. ಸೊನ್ನೆ. ಆಮೇಲೆ ನಲವತ್ನಾಲ್ಕು. ಪರದೆ ಆರೇಳು ವರ್ಷದ ಹಿಂದಿನ ಒಂದು ತಾರೀಖನ್ನು ತೋರಿಸಿತು. ಅದರ ಪಕ್ಕದಲ್ಲಿ ಅತ್ತೆಯ ಟಗರುಗಳಿದ್ದವು, ಒಂದೂ ಕಡಿಮೆಯಾಗದೆ. ಅಲ್ಲಿಂದಾಚೆ ಮರಿಗಳೂ ಆಗಿದ್ದವು. ನಾನು ಅಳಬಾರದು ಎಂದು ಹೊರಗೆ ಹೋಗಿ ಚಹಾ ಹೇಳಿ ಬಂದೆ. ಬರುವಷ್ಟರಲ್ಲಿ ಅತ್ತೆ ರಿಜ್ವಾನ್ ಹತ್ತಿರ ಬುಗುರಿಯ ರೇಟು ಚೌಕಾಸಿ ಮಾಡುತ್ತಿದ್ದರು.

ಒಂದು ಭಾಗವನ್ನು ಮಾರಿ ದೊಡ್ಡಿಗೆ ಮೆಶ್ ಹಾಕಿಸಿದ್ದಾಯಿತು. ಚಿರತೆ ಒಂದು ಸಲ ಬಂದು ಸುತ್ತ ಹೆಜ್ಜೆ ಗುರುತು ಬಿಟ್ಟು ವಾಪಸ್ ಹೋಗಿದೆ. ಉಳಿದದ್ದನ್ನು ಹೊಸ ಪದಗಳ ಮೇಲೆ ಇಡಬೇಕು ಎಂದು ರಿಜ್ವಾನ್ ಹೇಳಿದ್ದರು. ಹಳೆಯವು ಈಗಾಗಲೇ ಒಂದು ಗೊಂಬೆ ಕಾರ್ಖಾನೆಯ ತುಂಬ ಕೇಳಿಸಿವೆ, ಹೊಸವು ಎಷ್ಟು ಕಡಿಮೆ ಜನಕ್ಕೆ ಗೊತ್ತಿರುತ್ತವೋ ಅಷ್ಟು ಕ್ಷೇಮ ಅಂತ. ಹೋದ ಭಾನುವಾರ ಮರಳವಾಡಿಯಲ್ಲಿ ಆ ಕೆಲಸಕ್ಕೆ ಮುಹೂರ್ತವಾಯಿತು. ಮಂಜುಳಾ ಫೋನು ಮತ್ತು ಪೆನ್ನು ಹಿಡಿದು ಕೂತಳು, ಇಂಗ್ಲಿಷಿನಲ್ಲೇ ಬರೆಯುತ್ತಾಳಂತೆ. ಅತ್ತೆ ಎಲೆಯಡಿಕೆ ಹಾಕಿಕೊಂಡು ಕೇಳಿಸಿಕೊಳ್ಳಲು ಕೂತರು. ನಾನೂ ಚಾಪೆಯ ಮೇಲೆ ಜಾಗ ಮಾಡಿಕೊಳ್ಳುತ್ತಿದ್ದೆ. ಅತ್ತೆ ನನ್ನ ಮುಖ ನೋಡಿ, “ಅಳೀಮಯ್ಯ, ನೀನು ಒಸಿ ಆಚ್ಗೋಗಿ ಕುರಿ ನೋಡ್ಕ” ಎಂದರು. ಹೆಂಡತಿ ತಲೆಯೆತ್ತಲಿಲ್ಲ.

ಆಚೆ ಹೋದೆ. ಮೆಶ್ಶಿನ ಒಳಗೆ ಕುರಿಗಳು ಸುಖವಾಗಿ ಮಲಗಿದ್ದವು, ನೋಡಿಕೊಳ್ಳಲು ಏನೂ ಇರಲಿಲ್ಲ. ಮರ್ಯಾದೆ ಬಿಟ್ಟು ಹೇಳುತ್ತೇನೆ, ಕಿಟಕಿಯ ಕೆಳಗೆ ನಿಂತು ಕದ್ದು ಕೇಳಿದೆ. ಒಳಗೆ ಅತ್ತೆ ರಾಗ ಕೂಡಿಸುತ್ತಿದ್ದರು. ಹನ್ನೆರಡರಲ್ಲಿ ಒಂದು ಪದ ಸ್ಪಷ್ಟವಾಗಿ ಕಿವಿಗೆ ಬಿತ್ತು. ಅದೊಂದಾದರೂ ನನ್ನದು ಎಂದು ಹಿಗ್ಗಿ, ಹಾರೋಹಳ್ಳಿ ದಾಟುವ ತನಕ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ಬಂದೆ. ಕನಕಪುರದಲ್ಲಿ ಇಳಿಯುವಾಗ ಅದು ಇರಲಿಲ್ಲ. ಮಾರನೇ ದಿನ ಒಂಬತ್ತನೇ ತರಗತಿಯಲ್ಲಿ ಆರು ಮಕ್ಕಳು ಪದ್ಯ ಬಾಯಿಪಾಠ ಮಾಡದೆ ಬಂದಿದ್ದರು. ಯಾವತ್ತಿನಂತೆ ಬೆಂಚಿನ ಮೇಲೆ ನಿಲ್ಲಿಸಲು ಹೋದವನು, ಪರವಾಗಿಲ್ಲ, ಕೂತ್ಕೊಳ್ಳಿ ಎಂದೆ.